ಬೀಗ ಹಾಕುವವನ ಬೀಗರು

ಊರಿಗೆಲ್ಲ ಬೀಗ ಹಾಕಿಕೊಡುವವನ ಮನೆಗೆ ಅವಮಾನಗಳು ಬಾಗಿಲು ಬಡಿಯದೆಯೇ ಬರುತ್ತವೆ. ನನ್ನ ಕಸುಬಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಮಗಳ ಮದುವೆ ಗೊತ್ತಾದ ವರ್ಷ ಮಾತ್ರ ಸಾಲುಗಟ್ಟಿ ಬಂದವು.

ನಾನಿರುವುದು ಗೋಕಾಕದಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಮುತ್ತ ಸೊಸೈಟಿ, ಕಾಲೇಜು, ಅಂಗಡಿಗಳಲ್ಲಿ ಕಂಪ್ಯೂಟರುಗಳಿಗೆ ನೆಟ್ ಜೋಡಿಸಿ, ಹೊರಗಿನವರು ನುಗ್ಗದಂತೆ ನೋಡಿಕೊಳ್ಳುವುದು ಕೆಲಸ. ಪ್ರತಿ ಯಂತ್ರಕ್ಕೂ, ಪ್ರತಿ ಫೋನಿಗೂ ಕಾರ್ಖಾನೆಯಲ್ಲಿಯೇ ಒಂದು ವಿಳಾಸ ಕೊಟ್ಟು ಕಳಿಸಿರುತ್ತಾರೆ. ಅದಕ್ಕೆ ಮ್ಯಾಕ್ ಅಡ್ರೆಸ್ ಎನ್ನುತ್ತಾರೆ. ಯಾವ ಯಾವ ವಿಳಾಸದವರನ್ನು ಒಳಗೆ ಬಿಡಬೇಕೆಂದು ನೆಟ್ಟಿನ ಡಬ್ಬಿಗೆ ಮೊದಲೇ ಹೇಳಿಟ್ಟರೆ, ಉಳಿದವರನ್ನು ಅದು ಹೊರಗೇ ನಿಲ್ಲಿಸುತ್ತದೆ. ಕೇಳಲು ಭದ್ರವಾಗಿದೆ. ನಿಜ ಹೇಳಬೇಕೆಂದರೆ ಅದು ಹೆಸರು ಕೇಳಿ ಒಳಗೆ ಬಿಡುವ ಕಾವಲುಗಾರನಷ್ಟೇ. ಬೇರೆಯವರ ಹೆಸರು ಹೇಳಿಕೊಂಡು ಬಂದವನನ್ನೂ ಅವನು ನಮಸ್ಕಾರ ಮಾಡಿ ಬಿಡುತ್ತಾನೆ. ಯಂತ್ರದ ವಿಳಾಸ ಬದಲಿಸುವುದು ಅಂಗಿ ಬದಲಿಸಿದಷ್ಟೇ ಸುಲಭ. ಈ ಮಾತನ್ನು ಗಿರಾಕಿಗಳಿಗೆ ಆದಷ್ಟು ಮೆತ್ತಗೆ ಹೇಳುವುದು ನನ್ನ ರೂಢಿ.

ಮಗಳ ಹೆಸರು ಇಂಚರ. ಅವಳು ಹುಟ್ಟಿದಾಗ ಹಲವು ಪುಸ್ತಕ ತಿರುವಿ ನಾನೇ ಹುಡುಕಿದ ಹೆಸರು. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮನೆತನಕ್ಕೆ ಕೊಡುವುದೆಂದು ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಅವನ ತಂದೆತಾಯಿಯೂ ಒಳ್ಳೆಯವರೇ. ಒಂದೇ ತೊಡಕು. ಆ ಮನೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿಯಿದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರ ಅದರಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಇವಳಿಗೆ ಭಾಗ್ಯಶ್ರೀ ಎಂದು ಆಗಲೇ ಆರಿಸಿಯೂ ಆಗಿತ್ತು.

ಬೀಗರು ಇದನ್ನು ನನಗೆ ಹೇಳಿದ್ದು ನಗುನಗುತ್ತಲೇ: "ಬೀಗರ, ನಮ್ಮದು ಅರಿವಿ ಅಂಗಡಿ. ಎಲ್ಲಾ ಮೀಟರಿನ ಲೆಕ್ಕ. ಇಂಚು ಅಂತ ಸೊಸಿ ಬಂದ್ರ ಗಿರಾಕಿಗೋಳು ನಗ್ತಾರ."

ನಾನೂ ನಕ್ಕೆ. ಅದೇ ತಪ್ಪಾಯಿತು. ಮನೆಗೆ ಬಂದು ಹೇಳಿದಾಗ ಮಗಳು ನಗಲಿಲ್ಲ.

"ಅಪ್ಪಾ, ಹೆಸರು ಬದಲಿ ಮಾಡೂದು ನನಗ ಸೇರೂದಿಲ್ಲ. ನೀ ಅವರಿಗೆ ಹೇಳು. ನೀ ಹೇಳಲಿಲ್ಲಂದ್ರ ಅವತ್ತು ಎಲ್ಲಾರ ಮುಂದ ನಾ ಆ ತಾಟು ಆಚೆ ಸರಸ್ತೇನಿ."

ಅವಳು ಸರಿಸುವವಳೇ. ಹೇಳುತ್ತೇನೆ ಎಂದೆ. ಮುಂದಿನದೆಲ್ಲ ನಾನು ಹೇಳದೆ ಹೋದ ಕತೆ.

೧. ಬೋರ್ಡಿನ ಬೀಗ

ಬೆಲ್ಲದ ಬಾಗೇವಾಡಿಯ ಒಂದು ಸೊಸೈಟಿಯಲ್ಲಿ ನೆಟ್ ಹಾಕಿ, ಕಚೇರಿಯ ಯಂತ್ರಗಳಿಗೆ ಮಾತ್ರ ಪ್ರವೇಶ ಇಟ್ಟು, ಡಬ್ಬಿಯ ಮೇಲೆ ಒಂದು ಸೂಚನೆಯ ಬೋರ್ಡು ಅಂಟಿಸಿದ್ದೆ. ಓದುವ ಚಟ ಇದ್ದವನು ಬರೆದರೆ ಹೇಗಿರುತ್ತದೋ ಹಾಗೇ ಇತ್ತು ಅದು: "ಈ ಜಾಲಕ್ಕೆ ಬೀಗ ಹಾಕಲಾಗಿದೆ."

ನಮ್ಮ ಕಡೆ ಬಾಗಿಲಿಗೆ ಹಾಕುವುದಕ್ಕೆ ಕೀಲಿ ಎನ್ನುತ್ತೇವೆ. ಬೀಗ ಎಂದರೆ ಮಕ್ಕಳನ್ನು ಕೊಟ್ಟು ತಂದ ಸಂಬಂಧಿಕ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬರೆಯುವಾಗ ಕೈ ಪುಸ್ತಕದ ಕಡೆ ಹೋಯಿತು.

ವಾರ ಕಳೆಯುವುದರೊಳಗೆ ಅಲ್ಲಿಯ ಚೇರಮನ್ನರ ಫೋನು ಬಂತು. ಬೋರ್ಡಿನಲ್ಲಿ ಬೀಗರ ವಿಷಯ ಯಾಕೆ ಬರೆದಿರಿ, ಮೀಟಿಂಗಿನಲ್ಲಿ ಗದ್ದಲ ಆಗಿದೆ, ಸೊಸೈಟಿಯ ನೆಟ್ಟನ್ನು ಯಾರದೋ ಬೀಗರ ಕೈಗೆ ಕೊಟ್ಟಿದ್ದಾರೆಂದು ಸುದ್ದಿ ಹಬ್ಬಿದೆ ಎಂದರು. ಗಾಡಿ ತೆಗೆದುಕೊಂಡು ಓಡಿದೆ.

ಹೋಗಿ ನೋಡಿದರೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಕುಸ್ತಿ ನೋಡುತ್ತ ಕುಳಿತವರು ಸ್ವತಃ ನನ್ನ ಬೀಗರು. ಅವರ ಹಿರಿಯರ ಹೊಲ ಅದೇ ಊರಿನಲ್ಲಿದೆ, ಹಾಗಾಗಿ ಸೊಸೈಟಿಗೆ ಮೆಂಬರು. ಇವರ ಫೋನಿಗೆ ನೆಟ್ ಹೇಗೆ ಸಿಕ್ಕಿತು ಎಂದು ಕ್ಲಾರ್ಕನನ್ನು ಕೇಳಿದೆ. ಅವನು ಬೋರ್ಡಿನ ಕಡೆ ಕೈ ಮಾಡಿದ. ಬೀಗರೇ ಬಂದು, ಅದರ ಮೇಲೆ ಬೆರಳಿಟ್ಟು ಅವನಿಗೆ ಓದಿ ತೋರಿಸಿದ್ದರಂತೆ. "ಹಾಕಿದಾಂವ ಯಾರು? ಗೋಕಾಕದಾಂವ. ಅವನ ಬೀಗ ಯಾರು? ನಾನ. ಏನ ಬರದೈತಿ ನೋಡು. ಬೀಗ ಹಾಕಲಾಗಿದೆ. ಹಾಕು ನನ್ನ ಫೋನು."

ಕ್ಲಾರ್ಕ ಹಾಕಿದ್ದ. ನಾನು ಹಾಕಿದ ಬೀಗ ದಾಟಿ ಒಳಗೆ ಬಂದ ಮೊದಲನೇ ಹೊರಗಿನವರು ನನ್ನ ಬೀಗರೇ ಆಗಿದ್ದರು.

ಚೇರಮನ್ನರ ಮುಂದೆ ತಲೆ ತಗ್ಗಿಸಿ ಸೂಚನೆ ಕಿತ್ತು, ಕೀಲಿ ಎಂದು ಬರೆದು ಅಂಟಿಸಿದೆ. ಹೊರಗೆ ಬಂದು ಬೀಗರನ್ನು ಮೆಲ್ಲಗೆ ಕೇಳಿದೆ. ನೀವು ದಿನಾ ಪೇಪರ್ ಓದುವವರು, 'ಬೀಗ ಮುರಿದು ಕಳವು' ಎಂದು ವಾರಕ್ಕೊಮ್ಮೆಯಾದರೂ ಬರುತ್ತದೆ, ಬೀಗ ಅಂದರೆ ಏನೆಂದು ನಿಮಗೆ ತಿಳಿಯದೇ ಎಂದೆ.

ಅವರು ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಓದೇನ್ರಿ. ಕಳ್ಳರು ಮೊದಲ ಬೀಗರನ್ನ ಹಿಡದು ಯಾಕ ಮುರೀತಾರ ಅಂತ ನನಗೂ ಭಾಳ ದಿವಸದಿಂದ ಕೆಟ್ಟ ಅನಸ್ತಿತ್ತು."

೨. ದಿನಕ್ಕೊಬ್ಬ ಕಳ್ಳ

ಅಂದು ಬಾಗೇವಾಡಿಯಲ್ಲಿ ಹೆಸರಿನ ಮಾತು ಎತ್ತಬಹುದಿತ್ತು. ನಗುವಿನಲ್ಲಿ ಅದು ಹೋಯಿತು. ಮಗಳು ಕೇಳಿದಾಗ ಬುಧವಾರ ಖಂಡಿತ ಎಂದೆ. ಮೂಡಲಗಿಯಲ್ಲಿ ಒಂದು ಕಾಲೇಜಿನ ಸಣ್ಣ ಕೆಲಸ ಮುಗಿಸಿ, ಅಲ್ಲಿಂದ ಹುಕ್ಕೇರಿಗೆ ಹೋಗಿ, ಬೀಗರೆದುರು ಕುಳಿತು ಹೇಳಿಯೇ ಬಿಡುವುದೆಂದು ಲೆಕ್ಕ.

ಕಾಲೇಜಿನ ಪ್ರಿನ್ಸಿಪಾಲರು ಬಾಗಿಲಲ್ಲೇ ಕಾಯುತ್ತಿದ್ದರು. ಹದಿನೈದು ದಿನದಿಂದ ಅವರ ಫೋನಿಗೆ ನೆಟ್ ಸಿಗುತ್ತಿಲ್ಲ, ಏನೋ ನಡೆದಿದೆ ಎಂದರು. ನಾನು ಡಬ್ಬಿಯ ದಾಖಲೆ ತೆರೆದು ನೋಡಿದೆ. ನಿಜವಾಗಿಯೂ ನಡೆದಿತ್ತು. ದಿನವೂ ಮುಂಜಾನೆ, ಕಾಲೇಜು ತೆರೆಯುವ ಹೊತ್ತಿಗೆ ಸರಿಯಾಗಿ, ಯಾವುದೋ ಅಪರಿಚಿತ ವಿಳಾಸವೊಂದು ಒಳಗೆ ಬರಲು ನೋಡಿ ಬೈಸಿಕೊಂಡು ಹೋಗಿದೆ. ಇವತ್ತಿನದು ನಾಳೆ ಇಲ್ಲ. ನಾಳೆ ಬೇರೆಯದು.

ಇಂಥದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಸ್ವಲ್ಪ ಉಬ್ಬಿದೆ ಎನ್ನಬೇಕು. ಯಾರೋ ತಿಳಿದವನೇ ಇದ್ದಾನೆ, ದಿನಕ್ಕೊಂದು ವಿಳಾಸ ಬದಲಿಸಿ ಪ್ರಯತ್ನ ಮಾಡುತ್ತಿದ್ದಾನೆ, ಹತ್ತಿರದಲ್ಲೇ ಎಲ್ಲೋ ಕುಳಿತಿದ್ದಾನೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಸಾಮಾನ್ಯವಾಗಿ ನಾನು ಇಷ್ಟು ಮಾತಾಡುವುದಿಲ್ಲ. ಪ್ರಿನ್ಸಿಪಾಲರು ಕೂಡಲೇ ಗೇಟು ಹಾಕಿಸಿದರು. ಎದುರಿನ ಚಹಾದಂಗಡಿಯವನನ್ನು ಕರೆಸಿ ಅವನ ಫೋನು ನೋಡಿದರು. ಅದು ಗುಂಡಿ ಒತ್ತುವ ಹಳೆಯ ಫೋನು. ಪಾಪ, ಅವನು ತನ್ನ ಮೇಲೆ ಏನು ಅಪವಾದ ಬಂದಿದೆ ಎಂಬುದೇ ತಿಳಿಯದೆ ಎಲ್ಲರಿಗೂ ಚಹಾ ತಂದುಕೊಟ್ಟು ಹೋದ.

ಮಧ್ಯಾಹ್ನ ಇಳಿಯಿತು. ಪ್ರಿನ್ಸಿಪಾಲರು ಬೇಸತ್ತು, ತಮ್ಮ ಫೋನು ಹೊರತೆಗೆದು ಇನ್ನೊಮ್ಮೆ ನೆಟ್ಟಿಗೆ ಪ್ರಯತ್ನ ಮಾಡಿದರು. ನನ್ನ ಪರದೆಯ ಮೇಲೆ ಕಳ್ಳ ಬಂದ.

ಅವರು ಫೋನು ಒಳಗಿಟ್ಟರು. ಕಳ್ಳ ಹೋದ.

ಇತ್ತೀಚಿನ ಫೋನುಗಳಲ್ಲಿ ಒಂದು ವ್ಯವಸ್ಥೆ ಇದೆ. ಯಾರೂ ತಮ್ಮ ಜಾಡು ಹಿಡಿಯಬಾರದೆಂದು ಅವು ಕಾರ್ಖಾನೆಯ ವಿಳಾಸ ಮುಚ್ಚಿಟ್ಟು, ತಾವೇ ಒಂದು ಹೊಸದನ್ನು ಹುಟ್ಟಿಸಿಕೊಳ್ಳುತ್ತವೆ. ಪ್ರಿನ್ಸಿಪಾಲರು ಹೊಸ ಫೋನು ಕೊಂಡಿದ್ದರು. ನಮ್ಮ ಡಬ್ಬಿ ಅದರ ಸುಳ್ಳು ವಿಳಾಸ ನೋಡಿ ಒಳಗೆ ಬಿಟ್ಟಿರಲಿಲ್ಲ. ಇವರು ದಿನಾ ಮುಂಜಾನೆ ಸಿಟ್ಟಿನಿಂದ ಕಾಲೇಜಿನ ನೆಟ್ಟನ್ನು ಫೋನಿನಿಂದ ಅಳಿಸಿ ಮತ್ತೆ ಸೇರಿಸುತ್ತಿದ್ದರು. ಹಾಗೆ ಮಾಡಿದಾಗೊಮ್ಮೆ ಫೋನು ಮತ್ತೊಂದು ಹೊಸ ವಿಳಾಸ ಹೊದ್ದುಕೊಂಡು ಬರುತ್ತಿತ್ತು.

ಇದನ್ನು ಹೇಳುವುದೋ ಬಿಡುವುದೋ ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಹೇಳಿದೆ. ಕೋಣೆಯಲ್ಲಿ ಆಗ ಇದ್ದವರು ಅವರು, ನಾನು, ಮತ್ತು ಚಹಾದ ಕಪ್ಪುಗಳನ್ನು ಎತ್ತುತ್ತಿದ್ದ ಕಾಲೇಜಿನ ಸಿಪಾಯಿ.

"ಅಂದ್ರ," ಪ್ರಿನ್ಸಿಪಾಲರು ಕೇಳಿದರು, "ನಾ ದಿನಾ ಒಂದೊಂದು ನಮೂನಿ ಮನಷ್ಯಾ ಆಗಿ ಕಾಲೇಜಿಗೆ ಬರಾಕತ್ತೇನಿ?"

ಸಿಪಾಯಿ ಕಪ್ಪು ಎತ್ತುತ್ತಲೇ ಅಂದ: "ನಾವು ಯಾರಿಗೂ ಹೇಳಿಲ್ರಿ ಸರ."

೩. ಹೊಸ ಮಶೀನು, ಹಳೇ ಹೆಸರು

ಆ ಬುಧವಾರವೂ ಹಾಗೆ ಹೋಯಿತು. ನಾಚಿಕೆ ಹೊತ್ತುಕೊಂಡು ಮನೆಗೆ ಬಂದವನು ಮಗಳಿಗೆ ಸಿಪಾಯಿಯ ಮಾತು ಹೇಳಿ ನಗಿಸಿದೆ. ನಕ್ಕು ಮುಗಿಸಿ ಅವಳು, "ಹುಕ್ಕೇರಿಗೆ ಹೋಗಲಿಲ್ಲಲಾ," ಎಂದಳು. ಅಷ್ಟೇ. ಹುಡುಗನಿಗೂ ಅವಳು ವಿಷಯ ತಿಳಿಸಿದ್ದಳು. ಅವನಿಗೆ ಹೆಸರು ಬದಲಿಸುವ ಹಟವೇನೂ ಇರಲಿಲ್ಲ. ಆದರೆ ತಂದೆಯ ಎದುರು ಅವನು ನನ್ನಷ್ಟೇ ಮಾತುಗಾರ.

ಅವಕಾಶ ತಾನಾಗಿ ಬಂತು. ಬೀಗರ ಅಂಗಡಿಯಲ್ಲಿ ಬಿಲ್ ಮಾಡುವ ಕಂಪ್ಯೂಟರು ಸುಟ್ಟುಹೋಯಿತು. ಹೊಸದು ತಂದರೆ ಅದಕ್ಕೆ ನೆಟ್ ಹತ್ತಲಿಲ್ಲ. ಬೀಗರು ನನ್ನನ್ನು ಕರೆದರು.

ಕಾರಣ ಸಣ್ಣದು. ಊರಿನ ಕೇಬಲ್ಲಿನವನು ಹಳೆಯ ಕಂಪ್ಯೂಟರಿನ ವಿಳಾಸ ಗುರುತಿಟ್ಟುಕೊಂಡು, ಅದಕ್ಕೆ ಮಾತ್ರ ನೆಟ್ ಬಿಡುತ್ತಿದ್ದ. ಅವನು ಯಾವುದೋ ಲಗ್ನಕ್ಕೆ ಹೋಗಿದ್ದ, ಎರಡು ದಿನ ಬರುವವನಲ್ಲ. ಅಂಗಡಿಯಲ್ಲಿ ಲಗ್ನದ ಸೀರೆ ಕೊಳ್ಳುವವರು ತುಂಬಿದ್ದರು. ನಾನು ಹೊಸ ಕಂಪ್ಯೂಟರಿನ ವಿಳಾಸ ತೆಗೆದು, ಅದರ ಜಾಗದಲ್ಲಿ, ಹಳೆಯದರ ಒಳಗಿನ ಚೀಟಿ ನೋಡಿ, ಹಳೆಯದರ ವಿಳಾಸ ಬರೆದೆ. ನೆಟ್ ಹತ್ತಿತು.

ಬೀಗರಿಗೆ ಪವಾಡ ಕಂಡಂತಾಯಿತು. ಏನು ಮಾಡಿದಿರಿ ಎಂದು ಕೇಳಿದರು. ಇದೇ ಸಮಯ ಎಂದುಕೊಂಡೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತಿತ್ತು. ಹೆಸರು ಎಂಬುದು ಮೇಲಿನದು ಅಷ್ಟೇ, ಒಳಗಿನ ಯಂತ್ರ ಬದಲಾಗುವುದಿಲ್ಲ, ಅಂದಮೇಲೆ ಬದಲಿಸುವ ಉಸಾಬರಿ ಯಾಕೆ, ಹೀಗೆ ಒಯ್ದು ಮಗಳ ಹೆಸರಿಗೆ ಮುಟ್ಟಿಸುವ ಹಂಚಿಕೆ. "ನೋಡ್ರಿ ಬೀಗರ," ಎಂದು ಶುರು ಮಾಡಿದೆ, "ಮಶೀನು ಹೊಸಾದು. ಹೆಸರು ಅಷ್ಟ ಬದಲಿ ಮಾಡೇನಿ..."

ಬೀಗರು ನನ್ನ ಮಾತು ಮುಗಿಯಲು ಬಿಡಲಿಲ್ಲ. ಹೆಂಡತಿಯನ್ನು ಕೂಗಿದರು. "ಸರೋಜಿನೀ, ಇಲ್ಲೆ ಬಾ. ಬೀಗರು ಏನ ಹೇಳ್ತಾರ ಕೇಳು. ಹೊಸದಾಗಿ ಬಂದಾಕಿ ತನ್ನ ಹೆಸರು ಹಿಡಕೊಂಡು ಕುಂತಿದ್ಲು, ನೆಟ್ ಹತ್ತಲಿಲ್ಲ. ಮನೀ ಹೆಸರು ಇಟ್ಟರು, ಹತ್ತಿತು. ನಮ್ಮ ಹಿರ್ಯಾರು ಮಾಡಿದ್ದು ಸುಮ್ಮ ಅಲ್ಲ."

ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ಸೀರೆ ನೋಡುತ್ತಿದ್ದ ಮುದುಕಿಯೊಬ್ಬಳು ನನಗೆ ಕೈಮುಗಿದಳು. ನನ್ನ ಕಸುಬನ್ನೇ ಕಲ್ಲು ಮಾಡಿ ನನ್ನ ಮಗಳ ಕಡೆ ಬೀಸಿದಂತಾಗಿತ್ತು, ಕಲ್ಲು ಎತ್ತಿಕೊಟ್ಟವನು ನಾನು. ಬೀಗತಿ ಮಾತ್ರ ತಲೆದೂಗದೆ ಸೀರೆ ಮಡಚುತ್ತ ನಿಂತಿದ್ದರು.

ಅದೂ ಅಲ್ಲಿಗೆ ನಿಲ್ಲಲಿಲ್ಲ. ಬೀಗರು ಏನನ್ನೂ ಎಸೆಯುವವರಲ್ಲ. ಸುಟ್ಟ ಕಂಪ್ಯೂಟರನ್ನು ಸಂಕೇಶ್ವರಕ್ಕೆ ಒಯ್ದು ರಿಪೇರಿ ಮಾಡಿಸಿ ತಂದು, ಇನ್ನೊಂದು ಗಲ್ಲೆಯ ಮೇಲೆ ಇಟ್ಟು, ತಾವೇ ವೈರು ಸಿಕ್ಕಿಸಿದರು. ಈಗ ಒಂದೇ ವಿಳಾಸದ ಎರಡು ಯಂತ್ರಗಳು ಒಂದೇ ಅಂಗಡಿಯಲ್ಲಿ. ಇದಕ್ಕೆ ನೆಟ್ ಬಂದರೆ ಅದಕ್ಕಿಲ್ಲ, ಅದಕ್ಕೆ ಬಂದರೆ ಇದಕ್ಕಿಲ್ಲ. ಅರ್ಧ ಬಿಲ್ಲಿಗೆ ನಿಂತ ಗಿರಾಕಿಗಳು ಈ ಗಲ್ಲೆಯಿಂದ ಆ ಗಲ್ಲೆಗೆ ಓಡಾಡಿದರು. ನಾನು ಮತ್ತೆ ಹೋದೆ. ನೋಡಿ, ತಪ್ಪು ನನ್ನದೇ ಎಂದೆ, ಒಂದೇ ಹೆಸರನ್ನು ಎರಡಕ್ಕೆ ಇಟ್ಟಂತಾಗಿದೆ.

ಬೀಗರು ಯೋಚಿಸಿ ಕೇಳಿದರು, ಇವೆರಡರಲ್ಲಿ ಯಾವುದು ನಿಜವಾದದ್ದು ಎಂದು ನೆಟ್ಟಿಗೆ ತಿಳಿಯುವುದಿಲ್ಲವೇ?

ಬೀಗತಿ ಮಡಚುವುದನ್ನು ಬಿಡದೆ ಹೇಳಿದರು: "ತಿಳೀತಿದ್ರ ಅದು ಈ ಮನ್ಯಾಗ ಇರ್ತಿತ್ತೇನು?"

೪. ಹೆಸರು ಏನಂತ ಹಾಕಲಿ

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಎಲ್ಲ ಮಾತು ಮುಗಿಸೋಣವೆಂದು ಬೀಗರು, ಬೀಗತಿ ಗೋಕಾಕಕ್ಕೆ, ನಮ್ಮ ಮನೆಗೆ ಬಂದರು. ಅಚ್ಚಿನಲ್ಲಿ ಭಾಗ್ಯಶ್ರೀ ಎಂದು ಬಂದರೆ ಮುಗಿಯಿತು, ಆಮೇಲೆ ಬಾಯಿ ತೆರೆದು ಉಪಯೋಗವಿಲ್ಲ. ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು, ಇವತ್ತು ನೀವು ಹೇಳದಿದ್ದರೆ ನಿಮ್ಮ ಮಗಳು ಮಾಡುವುದನ್ನು ಕಲ್ಯಾಣಮಂಟಪದಲ್ಲಿ ಕುಳಿತು ನೋಡಿ ಎಂದು.

ಊಟವಾಯಿತು. ಎಲೆ ಅಡಿಕೆ ಆಯಿತು. ನಾನು ಗಂಟಲು ಸರಿಮಾಡಿಕೊಂಡೆ. ಬೀಗರು ಫೋನು ತೆಗೆದರು.

ಅಂದು ಕ್ರಿಕೆಟ್ ಮ್ಯಾಚಿತ್ತು. ನಮ್ಮ ಓಣಿಯಲ್ಲಿ ಟವರಿನ ನೆಟ್ ನಿಲ್ಲುವುದಿಲ್ಲ, ಟೀವಿ ನಾವು ಇಟ್ಟಿಲ್ಲ. ಬೀಗರು ಪಾಸ್‌ವರ್ಡ್ ಕೇಳಿದರು, ಕೊಟ್ಟೆ. ನೆಟ್ ಹತ್ತಲಿಲ್ಲ. ಮತ್ತೆ ನೋಡಿದರು, ಹತ್ತಲಿಲ್ಲ. ನನ್ನ ಮನೆಯ ನೆಟ್ಟಿಗೆ ನಾನೇ ಅದೇ ಕಾವಲು ಇಟ್ಟಿರುವುದು ನೆನಪಾಯಿತು. ಅಡಿಗೆ ಮನೆಯಿಂದ ಹೆಂಡತಿ ಕೇಳಿಸುವಂತೆಯೇ ಅಂದಳು: "ಉಂಡು ಕುಂತ ಬೀಗರಿಗೂ ಕೀಲಿ ಹಾಕೀರೇನ್ರಿ?"

ಲ್ಯಾಪ್‌ಟಾಪ್ ತಂದೆ. ಬೀಗರ ಫೋನಿನ ಒಳಗೆ ಹೊಕ್ಕು ಅದರ ಕಾರ್ಖಾನೆಯ ವಿಳಾಸ ಹುಡುಕಿ, ಅವರ ಹೆಸರಿನಲ್ಲಿ ಬರೆದುಕೊಂಡೆ. ಆದರೂ ಹತ್ತಲಿಲ್ಲ. ಬೀಗರು ಗೋಡೆಯ ಗಡಿಯಾರ ನೋಡತೊಡಗಿದರು.

ಅಷ್ಟರಲ್ಲಿ ಬೀಗತಿ ತಮ್ಮ ಫೋನು ಮುಂದೆ ಚಾಚಿದರು. ಹಳೆಯ ಫೋನು. "ನಂದೂ ಹಾಕ್ರಿ."

ವಿಳಾಸ ಬರೆದುಕೊಂಡೆ. ಅದರ ಮುಂದೆ ಇದು ಯಾರ ಫೋನು ಎಂದು ಹೆಸರು ಹಾಕಬೇಕು. ಮನೆಗೆ ಬಂದವರನ್ನು ಕೇಳುವುದು ಮರ್ಯಾದೆ ಎಂದಷ್ಟೇ ಕೇಳಿದೆ, ಬೆರಳು ಆಗಲೇ 'ಸ' ಒತ್ತಿತ್ತು. "ಹೆಸರು ಏನಂತ ಹಾಕಲ್ರಿ ಬೀಗತ್ಯಾರ?"

"ಗಂಗವ್ವ."

ಬೀಗರು ಫೋನಿನಿಂದ ತಲೆ ಎತ್ತಲಿಲ್ಲ. "ಯಾವ ಗಂಗವ್ವ? ನಮ್ಮ ಪೈಕಿ ಗಂಗವ್ವ ಯಾರದಾರ?"

"ನಾನ."

ಈಗ ತಲೆ ಎತ್ತಿದರು.

"ನಮ್ಮಪ್ಪ ಇಟ್ಟ ಹೆಸರು," ಬೀಗತಿ ಹೇಳಿದರು. ಸಿಟ್ಟಿರಲಿಲ್ಲ, ಸೀರೆಯ ದರ ಹೇಳುವಾಗಿನ ದನಿಯೇ. "ತವರೂರು ದಡ್ಡಿಗೆ ಹೋದ್ರ ಈಗೂ ಓಣಿ ತುಂಬ ಹಂಗ ಕರೀತಾರ. ನಿಮ್ಮ ಮನ್ಯಾಗ ಕರದಾವ್ರು ಯಾರೂ ಇಲ್ಲ. ಮೊದಮೊದಲ ಸರೋಜಿನೀ ಅಂತ ನೀವು ಕೂಗಿದ್ರ ಯಾರನ್ನ ಕೂಗಾಕತ್ತಾರ ಅಂತ ನಾನೂ ತಿರುಗಿ ನೋಡ್ತಿದ್ದೆ. ಅತ್ತಿಯಾರು ನಿನಗ ಕಿವಿ ಮಂದ ಐತೇನು ಅಂತ ದವಾಖಾನಿಗೆ ಕಳಸಿದ್ರು. ನೆನಪೈತೇನು?"

ಬೀಗರಿಗೆ ನೆನಪಿತ್ತು ಎಂದು ಕಾಣುತ್ತದೆ.

"ಹಾಕ್ರಿ ಬೀಗರ," ಎಂದರು ಬೀಗತಿ. "ನಿಮ್ಮ ಮನೀ ಡಬ್ಬ್ಯಾಗರೆ ಇರ್ಲಿ."

ಗಂಗವ್ವ ಎಂದು ಬರೆದೆ. ನೆಟ್ ಒಂದೇ ಸಲಕ್ಕೆ ಹತ್ತಿತು. ಮರುಗಳಿಗೆ ಅವರ ಫೋನಿನಿಂದ ಮ್ಯಾಚಿನ ಗದ್ದಲ ಕೇಳಿಬಂತು. ಬೀಗತಿ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡುತ್ತ ಕುಳಿತರು.

ಬೀಗರು ಕುತ್ತಿಗೆ ಉದ್ದ ಮಾಡಿದರು. ಕಾಣಿಸಲಿಲ್ಲ. ನನ್ನನ್ನು ಕೇಳಿದರು: "ಆಕೀದು ಹತ್ತೇತಿ. ನಂದ್ಯಾಕ ಹತ್ತವಲ್ದು?"

ನನಗೆ ಕಾರಣ ಆಗಲೇ ಕಂಡಿತ್ತು. ಹೇಳಲು ನಾಚಿಕೆ. ಇಷ್ಟು ದಿನ ಹೇಳಬೇಕಾದ ಮಾತು ಹೇಳದೆ, ಈಗ ಫೋನಿನ ನೆಪದಲ್ಲಿ ಹೇಳುವುದಾಯಿತಲ್ಲ ಎಂದು. ಆದರೂ ಹೇಳಿದೆ, ನೆಲ ನೋಡುತ್ತ. "ನಿಮ್ಮ ಫೋನು ಹೊಸ ಮಾಡಲ್ರಿ. ಹೊರಗ ಹೊಂಟಾಗ ತನ್ನ ಹೆಸರು ಬದಲಿ ಮಾಡಿಕೊಂಡು ಬರ್ತೈತಿ. ಹುಟ್ಟಿದಾಗ ಇಟ್ಟ ಹೆಸರಿಲೆ ಬಂದ್ರ ನಮ್ಮ ಮನ್ಯಾಗ ತಗೋತೈತ್ರಿ."

ಅಡಿಗೆ ಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಬೀಗತಿಯ ಫೋನಿನಲ್ಲಿ ಯಾರೋ ಸಿಕ್ಸರ್ ಹೊಡೆದಿರಬೇಕು, ಅವರು ಒಬ್ಬರೇ ಚಪ್ಪಾಳೆ ತಟ್ಟಿದರು.

ಬೀಗರು ಹೆಂಡತಿಯ ಕಡೆ ನೋಡಿದರು. ಮಗಳ ಕಡೆ ನೋಡಿದರು. ತಮ್ಮ ಫೋನನ್ನು ನನ್ನ ಕೈಯಲ್ಲಿಟ್ಟರು.

"ಆತ ಬಿಡ್ರಿ. ಹುಟ್ಟಿದಾಗಿನ ಹೆಸರ ಇರ್ಲಿ."

ಅವರು ಹೇಳಿದ್ದು ಫೋನಿನ ಮಾತೋ ಹುಡುಗಿಯ ಮಾತೋ ಎಂದು ಕೇಳಬೇಕಾದವನು ನಾನು. ಬಾಗಿಲಲ್ಲಿ ನಿಂತವಳೇ ಕೇಳಿದಳು.

"ಯಾರಿಗ್ರಿ ಮಾವಾರ? ಫೋನಿಗೇನು, ನನಗ?"

"ಇಬ್ಬರಿಗೂ ಇಂಚರವ್ವಾ," ಎಂದರು ಬೀಗರು. "ಆದ್ರ ನಿಮ್ಮಪ್ಪಗ ಹೇಳು, ಮೊದಲ ಫೋನಿಂದು ಮಾಡ್ಲಿ. ಕಡೇ ಓವರ್ ನಡದೈತಿ."